ಮನೆಯ ಏರ್ ಕಂಪ್ರೆಸರ್ ಕೈಕೊಟ್ಟಾಗ: ಮೋಟಾರ್ ಬಿಚ್ಚುವ ಮೊದಲು ಗಾಳಿಯ ಜಾಡು ಹಿಡಿಯಿರಿ

ಹೋದ ಮಳೆಗಾಲದಲ್ಲಿ ಪಕ್ಕದ ಮನೆಯವರು ತಮ್ಮ ಕಂಪ್ರೆಸರನ್ನು ಕೈಗಾಡಿಯಲ್ಲಿ ಹೇರಿಕೊಂಡು ನಮ್ಮ ಶೆಡ್ಡಿಗೆ ತಂದರು. 2 ಎಚ್.ಪಿ. ಮೋಟಾರು, 50 ಲೀಟರ್ ಟ್ಯಾಂಕು. ಮರದ ಸಾಮಾನಿಗೆ ಪಾಲಿಶ್ ಹೊಡೆಯುವುದು, ಬೈಕು ಜೀಪಿನ ಚಕ್ರಕ್ಕೆ ಗಾಳಿ ಹಿಡಿಯುವುದು, ಧೂಳು ಊದುವುದು, ಇಷ್ಟಕ್ಕೆ ಇಟ್ಟುಕೊಂಡದ್ದು.

"ಸ್ಟಾರ್ಟೇ ಆಗ್ತಾ ಇಲ್ಲ ಮಾರಾಯ. ಗುಂಯ್ ಅಂತದೆ, ಆಮೇಲೆ ಎಂ.ಸಿ.ಬಿ. ಬೀಳ್ತದೆ. ಮೋಟಾರ್ ವೈಂಡಿಂಗ್ ಮಾಡಿಸಿ ಇನ್ನೂ ತಿಂಗಳಾಗ್ಲಿಲ್ಲ" ಎಂದರು.

"ಟ್ಯಾಂಕ್ ಖಾಲಿ ಇದ್ದಾಗಲೂ ಹೀಗೇನಾ ಅಣ್ಣ?"

"ಖಾಲಿ ಇದ್ರೆ ಚೆನ್ನಾಗೇ ಓಡ್ತದೆ. ಒಳಗೆ ಗಾಳಿ ಇದ್ದಾಗ ಮಾತ್ರ ಈ ರಗಳೆ."

ಆ ಒಂದು ಉತ್ತರದಲ್ಲೇ ಅರ್ಧ ಕೆಲಸ ಮುಗಿದಿತ್ತು. ಖಾಲಿ ಟ್ಯಾಂಕಿನಲ್ಲಿ ಸಲೀಸಾಗಿ ತಿರುಗುವ ಮೋಟಾರು ಸುಟ್ಟಿರುವುದಿಲ್ಲ. ವೈಂಡಿಂಗ್ ಅಂಗಡಿಯಲ್ಲಿ ಮೋಟಾರನ್ನು ಬಿಚ್ಚಿ ಮೇಜಿನ ಮೇಲಿಟ್ಟು ಓಡಿಸಿ ನೋಡಿದ್ದರು. ಅಲ್ಲಿ ಅದು ಓಡಲೇಬೇಕು, ಎದುರಿಗೆ ಗಾಳಿಯ ಒತ್ತಡವೇ ಇರಲಿಲ್ಲವಲ್ಲ. ಕೊನೆಗೆ ಸಿಕ್ಕಿದ ತಪ್ಪು ಅಂಗೈಯಲ್ಲಿ ಹಿಡಿಸುವ ಒಂದು ವಾಲ್ವಿನದು. ಮೋಟಾರಿಗೆ ಸುರಿದ ದುಡ್ಡು ಸುಮ್ನೆ ಹೋಯಿತು.

ಇದನ್ನು ಬರೆಯಲು ಕೂತದ್ದೇ ಅದಕ್ಕೆ. ಕಂಪ್ರೆಸರ್ ಕೆಟ್ಟಾಗ ನಾವು ಮೊದಲು ಸಂಶಯ ಪಡುವುದು ಮೋಟಾರನ್ನು, ಆಮೇಲೆ ಪಿಸ್ಟನ್ನನ್ನು. ಆದರೆ ಮನೆಯಲ್ಲಿ ಬಳಸುವ ಕಂಪ್ರೆಸರಿನಲ್ಲಿ ಮೊದಲು ಸವೆಯುವುದು ಗಾಳಿ ಹಿಂದಕ್ಕೆ ಬಾರದಂತೆ ತಡೆಯುವ ಚಿಕ್ಕ ಚಿಕ್ಕ ತಗಡು, ವಾಷರ್, ಸೀಲುಗಳು. ಗಾಳಿ ಎಲ್ಲಿಂದ ಎಲ್ಲಿಗೆ ತಪ್ಪಿಸಿಕೊಳ್ಳುತ್ತಿದೆ ಅನ್ನುವುದನ್ನು ಹಿಡಿದರೆ ಯಾವ ಭಾಗ ಹೋಗಿದೆ ಅಂತ ತಾನಾಗೇ ಗೊತ್ತಾಗುತ್ತದೆ.

ಪಾನಾ ಹಿಡಿಯುವ ಮೊದಲು

ಪ್ಲಗ್ ತೆಗೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಗೋಡೆಯಿಂದ ಹೊರಗೆ ಬರಬೇಕು. ಪ್ರೆಷರ್ ಸ್ವಿಚ್ ತಾನಾಗಿ ಆನ್ ಆಗುವ ವಸ್ತು. ಟ್ಯಾಂಕಿನ ಗಾಳಿ ಇಳಿದ ಕೂಡಲೇ, ನಿಮ್ಮ ಬೆರಳು ಬೆಲ್ಟಿನ ಹತ್ತಿರ ಇದ್ದರೂ, ಅದು ಮೋಟಾರನ್ನು ಓಡಿಸಿಬಿಡುತ್ತದೆ.

ಆಮೇಲೆ ಟ್ಯಾಂಕಿನ ಗಾಳಿ ಪೂರ್ತಿ ಬಿಡಿ. ಮೀಟರಿನ ಮುಳ್ಳು ಸೊನ್ನೆ ತೋರಿಸಿದರೂ ನಂಬಬೇಡಿ, ಮುಳ್ಳು ಸಿಕ್ಕಿಹಾಕಿಕೊಂಡಿರಬಹುದು. ಕೆಳಗಿನ ಡ್ರೈನ್ ಕಾಕ್ ತೆರೆದೇ ಇಟ್ಟು ಕೆಲಸ ಮಾಡಿ. 50 ಲೀಟರ್ ಟ್ಯಾಂಕಿನಲ್ಲಿ 8 ಕೆ.ಜಿ. ಒತ್ತಡ (ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ 8 ಕೆ.ಜಿ.) ಇದ್ದರೆ, 50 ಕೆ.ಜಿ. ಸಿಮೆಂಟ್ ಮೂಟೆಯನ್ನು ಸುಮಾರು 100 ಮೀಟರ್ ಮೇಲಕ್ಕೆ ಎತ್ತುವಷ್ಟು ಶಕ್ತಿ ಒಳಗೆ ಕೂತಿರುತ್ತದೆ. ಅಷ್ಟು ಒತ್ತಡ ಇರುವಾಗ ಒಂದು ನಟ್ಟು ಸಡಿಲಿಸಿದರೂ ಅದು ಗುಂಡಿನ ಹಾಗೆ ಹಾರುತ್ತದೆ.

ಮೋಟಾರು ತಿರುಗಲು ನೆರವಾಗುವ ಕೆಪಾಸಿಟರ್ ಮುಟ್ಟುವುದಿದ್ದರೆ ಅದರ ಎರಡು ತುದಿಗೂ ಹಳೇ ಕಾಲದ ಫಿಲಮೆಂಟ್ ಬಲ್ಬಿನ ವೈರುಗಳನ್ನು ತಾಗಿಸಿ ಅದರಲ್ಲಿ ಉಳಿದಿರುವ ಕರೆಂಟನ್ನು ಇಳಿಸಿ. ಸ್ಕ್ರೂ ಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಅಭ್ಯಾಸ ಬೇಡ. ಇನ್ನು ಸಿಲಿಂಡರ್ ಹೆಡ್ಡು, ಅದರಿಂದ ಟ್ಯಾಂಕಿಗೆ ಹೋಗುವ ಪೈಪು ಓಡಿದ ಮೇಲೆ 100 ಡಿಗ್ರಿ ದಾಟಿರುತ್ತವೆ. ಅರ್ಧ ಗಂಟೆ ಕಾಯಿರಿ.

ಎರಡು ಅಳತೆ, ಒಂದು ವಾಚು

ಯಾವ ಭಾಗ ತರಬೇಕು ಅಂತ ಯೋಚಿಸುವ ಮೊದಲು ಎರಡು ಪರೀಕ್ಷೆ ಮಾಡಿ. ಒಂದು ಪೈಸೆ ಖರ್ಚಿಲ್ಲ.

ಮೊದಲನೆಯದು, ತುಂಬುವ ಹೊತ್ತು. ಟ್ಯಾಂಕ್ ಖಾಲಿ ಮಾಡಿ, ಡ್ರೈನ್ ಮುಚ್ಚಿ, ಕಂಪ್ರೆಸರ್ ಹಾಕಿ, 8 ಕೆ.ಜಿ.ಗೆ ಬರಲು ಎಷ್ಟು ನಿಮಿಷ ಬೇಕು ನೋಡಿ. ಟ್ಯಾಂಕಿನ ಲೀಟರನ್ನು ಒತ್ತಡದಿಂದ ಗುಣಿಸಿ, ನಿಮಿಷದಿಂದ ಭಾಗಿಸಿ. ಪಂಪು ನಿಮಿಷಕ್ಕೆ ನಿಜವಾಗಿ ಎಷ್ಟು ಲೀಟರ್ ಗಾಳಿ ತಳ್ಳುತ್ತಿದೆ ಅನ್ನುವುದು ಸಿಗುತ್ತದೆ. ನಮ್ಮ ಪಕ್ಕದ ಮನೆಯದು 50 ಲೀಟರ್. 50ನ್ನು 8ರಿಂದ ಗುಣಿಸಿದರೆ 400. ತುಂಬಲು 7 ನಿಮಿಷ ಬೇಕಾಯಿತು. ಅಂದರೆ ನಿಮಿಷಕ್ಕೆ 57 ಲೀಟರ್.

ಇದು ಜಾಸ್ತಿಯೋ ಕಮ್ಮಿಯೋ? ಕಂಪ್ರೆಸರಿನ ಮೇಲಿನ ಚೀಟಿಯಲ್ಲಿ ಬರೆದ ಲೀಟರ್ ಸಾಮಾನ್ಯವಾಗಿ ಪಿಸ್ಟನ್ ಸಿಲಿಂಡರಿನಲ್ಲಿ ಓಡಾಡುವ ಜಾಗದ ಲೆಕ್ಕ, ಕೈಗೆ ಸಿಗುವ ಗಾಳಿಯ ಲೆಕ್ಕವಲ್ಲ. ಒಂದೇ ಹಂತದ ಚಿಕ್ಕ ಪಂಪಿನಲ್ಲಿ ಬರೆದದ್ದರ ಅರ್ಧದಿಂದ ಮೂರನೇ ಎರಡು ಪಾಲು ಸಿಕ್ಕಿದರೆ ಆರೋಗ್ಯವಾಗಿದೆ ಅಂತಲೇ ಅರ್ಥ. ಇದರ ಮೇಲೆ 200 ಅಂತ ಬರೆದಿತ್ತು. 100ರ ಆಸುಪಾಸು ಬರಬೇಕಾದಲ್ಲಿ 57 ಬಂದಿದೆ. ಸ್ಟಾರ್ಟ್ ಆಗದ ಕಾಯಿಲೆಯ ಜೊತೆ ಇನ್ನೊಂದು ಕಾಯಿಲೆಯೂ ಇದೆ ಅಂತ ಆಗಲೇ ತಿಳಿಯಿತು.

ಎರಡನೆಯದು, ಹಿಡಿದಿಡುವ ಪರೀಕ್ಷೆ. ತುಂಬಿಸಿ, ಆಫ್ ಮಾಡಿ, ಪೈಪು ಕಳಚಿ, ಅರ್ಧ ಗಂಟೆ ಬಿಟ್ಟು ಮುಳ್ಳು ನೋಡಿ. ಬಿಸಿ ಗಾಳಿ ತಣಿಯುವಾಗ ಮುಳ್ಳು ಮೊದಲಿಗೆ ಸ್ವಲ್ಪ ಇಳಿಯುವುದು ಸಹಜ. ಆಮೇಲೂ ಇಳಿಯುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ.

ತುಂಬಲು ತಡ, ಆದರೆ ಹಿಡಿದಿಡುತ್ತದೆ: ತಪ್ಪು ಪಂಪಿನ ಒಳಗೆ. ಬೇಗ ತುಂಬುತ್ತದೆ, ಆದರೆ ಇಳಿಯುತ್ತದೆ: ತಪ್ಪು ಪಂಪಿನ ಆಚೆ.

ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ

ಇಲ್ಲಿ ಸ್ವಲ್ಪ ನಿಧಾನಿಸೋಣ. ಜನ ಜಾಸ್ತಿ ಮೋಸ ಹೋಗುವುದು ಇಲ್ಲೇ.

ಸಿಲಿಂಡರ್ ಹೆಡ್ಡಿನಿಂದ ಬರುವ ಪೈಪು ಟ್ಯಾಂಕನ್ನು ಸೇರುವ ಕಡೆ ಒಂದು ಹಿತ್ತಾಳೆಯ ಗಟ್ಟಿ ಇರುತ್ತದೆ. ಅದೇ ನಾನ್ ರಿಟರ್ನ್ ವಾಲ್ವ್. ಗಾಳಿಯನ್ನು ಟ್ಯಾಂಕಿಗೆ ಬಿಡುತ್ತದೆ, ವಾಪಸ್ ಬಿಡುವುದಿಲ್ಲ. ಅದರ ಪಕ್ಕದಿಂದ ಒಂದು ಸಣ್ಣ ಪೈಪು ಪ್ರೆಷರ್ ಸ್ವಿಚ್ಚಿಗೆ ಹೋಗಿರುತ್ತದೆ. ಕಂಪ್ರೆಸರ್ ನಿಂತ ಕ್ಷಣ ಸ್ವಿಚ್ಚಿನ ಒಳಗಿನ ಒಂದು ಪುಟ್ಟ ಪಿನ್ನು ತೆರೆದುಕೊಂಡು, ಹೆಡ್ಡಿಗೂ ಟ್ಯಾಂಕಿಗೂ ನಡುವಿನ ಪೈಪಿನಲ್ಲಿ ಉಳಿದ ಗಾಳಿಯನ್ನು ಹೊರಗೆ ಬಿಡುತ್ತದೆ. ನಿಂತ ಕೂಡಲೇ ಕೇಳುವ 'ಪ್ಸ್ಸ್' ಸದ್ದು ಅದೇ. ಅದಕ್ಕೆ ಅನ್‌ಲೋಡರ್ ಅನ್ನುತ್ತಾರೆ. ಮುಂದಿನ ಸಲ ಮೋಟಾರು ಹೊರೆಯಿಲ್ಲದೆ ತಿರುಗಲು ಶುರುಮಾಡಲಿ ಅಂತಲೇ ಈ ವ್ಯವಸ್ಥೆ.

ಹಾಗಾಗಿ ಕಂಪ್ರೆಸರ್ ನಿಂತ ಮೇಲೆ ಒಂದು ನಿಮಿಷ ಕಿವಿ ಕೊಟ್ಟು ಕೇಳಿ. ಸದ್ದು ಎರಡು ಮೂರು ಸೆಕೆಂಡಿನಲ್ಲಿ ನಿಂತರೆ ಎಲ್ಲ ಸರಿ. ಸದ್ದು ನಿಲ್ಲದೆ ಸಣ್ಣಗೆ ಬರುತ್ತಲೇ ಇದ್ದರೆ ನಾನ್ ರಿಟರ್ನ್ ವಾಲ್ವ್ ಹಿಡಿಯುತ್ತಿಲ್ಲ, ಟ್ಯಾಂಕಿನ ಗಾಳಿ ಅದರ ಮೂಲಕ ಹಿಂದಕ್ಕೆ ಬಂದು ಪಿನ್ನಿನಿಂದ ಹೊರಗೆ ಹೋಗುತ್ತಿದೆ. ಸದ್ದೇ ಬಾರದಿದ್ದರೆ ಸಣ್ಣ ಪೈಪು ಕಟ್ಟಿದೆ ಅಥವಾ ಪಿನ್ನು ತೆರೆಯುತ್ತಿಲ್ಲ. ಓಡುತ್ತಿರುವಾಗಲೇ ಸ್ವಿಚ್ಚಿನ ಅಡಿಯಿಂದ ಗಾಳಿ ಬರುತ್ತಿದ್ದರೆ ಪಿನ್ನು ಮುಚ್ಚುತ್ತಿಲ್ಲ.

ಪಕ್ಕದ ಮನೆಯ ಕಂಪ್ರೆಸರಿನ ಸದ್ದು ನಿಲ್ಲಲೇ ಇಲ್ಲ. ಟ್ಯಾಂಕ್ ಖಾಲಿ ಮಾಡಿ, ವಾಲ್ವಿನ ಆರು ಮೂಲೆಯ ಮುಚ್ಚಳ ಬಿಚ್ಚಿದೆವು. ಒಳಗೆ ಒಂದು ಸ್ಪ್ರಿಂಗು, ಅದರ ಕೆಳಗೆ ಎಂಟಾಣೆಯಷ್ಟು ಅಗಲದ ಕಪ್ಪು ರಬ್ಬರ್ ಬಿಲ್ಲೆ. ಬಿಲ್ಲೆಯನ್ನು ಬೆಳಕಿಗೆ ಹಿಡಿದಾಗ ಅದರ ಮುಖದ ಮೇಲೆ ಸುತ್ತಲೂ ಒಂದು ಗೆರೆ ಅಚ್ಚು ಬಿದ್ದಿತ್ತು, ಅದು ಕೂರುವ ಅಂಚಿನ ಗುರುತು. ಒಂದೇ ಒಂದು ಕಡೆ ಆ ಗೆರೆ ತುಂಡಾಗಿತ್ತು. ಅಲ್ಲಿ ಕೂದಲಿನಷ್ಟು ತೆಳ್ಳಗಿನ ಬಿಳಿ ಎಳೆ ಅಂಟಿಕೊಂಡಿತ್ತು. ಟೆಫ್ಲಾನ್ ಟೇಪಿನ ಚೂರು. ಯಾರೋ ಪೈಪು ಜೋಡಿಸುವಾಗ ಥ್ರೆಡ್ಡಿನ ತುದಿಯಿಂದಲೇ ಟೇಪು ಸುತ್ತಿದ್ದರು. ಒಳಗೆ ಇಣುಕಿದ ತುದಿ ಹರಿದು, ಗಾಳಿಯ ಜೊತೆ ಬಂದು ವಾಲ್ವಿನ ಬಾಯಲ್ಲಿ ಕೂತಿತ್ತು. ಅಷ್ಟೇ ಸಾಕಾಗಿತ್ತು.

ಹೊಸ ಬಿಲ್ಲೆ, ಸ್ಪ್ರಿಂಗ್ ಹಾಕಿದೆವು. ಅಂಚನ್ನು ಬಟ್ಟೆಯಿಂದ ಒರೆಸಿದೆವು, ಕೆರೆಯಲಿಲ್ಲ. ಟೇಪು ಸುತ್ತುವಾಗ ಮೊದಲ ಎರಡು ಸುತ್ತು ಥ್ರೆಡ್ಡನ್ನು ಬರಿದೇ ಬಿಡಿ, ನಟ್ಟು ಬಿಗಿಯುವ ದಿಕ್ಕಿನಲ್ಲೇ ಸುತ್ತಿ. ಬಿಲ್ಲೆ ತಕ್ಷಣ ಸಿಗದಿದ್ದರೆ ಇದ್ದದ್ದನ್ನೇ ತಿರುವಿ ಹಾಕಿ ನಾಲ್ಕು ದಿನ ನಡೆಸಬಹುದು. ಆದರೆ ಶಾಖಕ್ಕೆ ಗಟ್ಟಿಯಾದ ರಬ್ಬರು ಬಹಳ ದಿನ ಹಿಡಿಯುವುದಿಲ್ಲ.

ಇನ್ನೊಂದು ಸಂಗತಿ, ನಮ್ಮ ಕಡೆ ದಿನಾ ಆಗುವಂಥದ್ದು. ಕಂಪ್ರೆಸರ್ ಓಡುತ್ತಿರುವಾಗ ಕರೆಂಟ್ ಹೋಗುತ್ತದೆ. ಸ್ವಿಚ್ಚು ಆನ್ ಸ್ಥಿತಿಯಲ್ಲೇ ಇರುವುದರಿಂದ ಅನ್‌ಲೋಡರ್ ತೆರೆಯುವುದಿಲ್ಲ, ಒತ್ತಡ ಪಿಸ್ಟನ್ ತಲೆಯ ಮೇಲೆಯೇ ಕೂತಿರುತ್ತದೆ. ಕರೆಂಟ್ ಬಂದಾಗ ಮೋಟಾರು ಗುಂಯ್ ಅನ್ನುತ್ತದೆ. ಗೋಡೆಯ ಸ್ವಿಚ್ಚಿನಿಂದ ಆಫ್ ಮಾಡಿದರೂ ಇದೇ ಕತೆ. ಯಾವಾಗಲೂ ಪ್ರೆಷರ್ ಸ್ವಿಚ್ಚಿನ ಮೇಲಿನ ನಾಬಿನಿಂದಲೇ ಆಫ್ ಮಾಡಿ. ಕರೆಂಟ್ ಹೋದ ಕೂಡಲೇ ಎದ್ದು ಹೋಗಿ ಆ ನಾಬನ್ನು ಆಫ್‌ಗೆ ತಿರುಗಿಸಿ, ಪ್ಸ್ಸ್ ಅನ್ನಿಸಿ ಬನ್ನಿ. ಇದೊಂದು ಅಭ್ಯಾಸ ಎಷ್ಟೋ ಮೋಟಾರುಗಳನ್ನು ಉಳಿಸುತ್ತದೆ.

ಖಾಲಿ ಟ್ಯಾಂಕಿನಲ್ಲೂ ತಿರುಗದಿದ್ದರೆ ಆಗ ಕರೆಂಟಿನ ಕಡೆ ಬನ್ನಿ. ಮೊದಲು ವೋಲ್ಟೇಜ್ ನೋಡಿ. ಬೇಸಿಗೆಯಲ್ಲಿ ತೋಟದ ಪಂಪುಗಳೆಲ್ಲ ಓಡುವ ಹೊತ್ತಿಗೆ 230 ಇರಬೇಕಾದ್ದು 180ಕ್ಕೆ ಇಳಿಯುವುದುಂಟು. ಸ್ಟಾರ್ಟ್ ಆಗುವಾಗ ಮೋಟಾರಿಗೆ ಸಿಗುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 180 ವೋಲ್ಟಿನಲ್ಲಿ ಸಿಗುವುದು ನೂರಕ್ಕೆ 61ರಷ್ಟು ಬಲ ಮಾತ್ರ. ಅದರ ಮೇಲೆ ತೆಳು ಎಕ್ಸ್‌ಟೆನ್ಷನ್ ವೈರ್ ಬೇರೆ. 1 ಚದರ ಮಿಲಿಮೀಟರಿನ ತಾಮ್ರದ ವೈರು 20 ಮೀಟರ್ ಎಳೆದರೆ, ಹೋಗಿ ಬರುವ ದಾರಿ ಸೇರಿ ಸುಮಾರು ಮುಕ್ಕಾಲು ಓಮ್. 2 ಎಚ್.ಪಿ. ಮೋಟಾರು ಹೊರಡುವಾಗ 50 ಆಂಪಿಯರಿನಷ್ಟು ಎಳೆಯುತ್ತದೆ. ವೈರಿನಲ್ಲೇ 35 ವೋಲ್ಟಿಗಿಂತ ಜಾಸ್ತಿ ಹೋಯಿತು! ಹಾಗಾಗಿ ವೈರು ಉದ್ದ ಮಾಡಬೇಡಿ, ಗಾಳಿಯ ಪೈಪು ಉದ್ದ ಮಾಡಿ. ಕಂಪ್ರೆಸರ್ ಬೋರ್ಡಿನ ಹತ್ತಿರ ಇರಲಿ.

ವೋಲ್ಟೇಜ್ ಸರಿ ಇದ್ದರೆ ಕೆಪಾಸಿಟರ್. ಉಬ್ಬಿದ್ದರೆ, ಎಣ್ಣೆ ಜಿನುಗಿದ್ದರೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಕೆಲವು ಸಲ ಹೊರಗೆ ಚೆನ್ನಾಗಿದ್ದು ಒಳಗೆ ಸೊರಗಿರುತ್ತದೆ. ಮೈಕ್ರೋಫ್ಯಾರಡ್ ಅಳೆಯುವ ಮಲ್ಟಿಮೀಟರ್ ಇದ್ದರೆ ಅಳೆಯಿರಿ. ರನ್ನಿಂಗ್ ಕೆಪಾಸಿಟರಿನ ಮೇಲೆ 40 ಅಂತ ಬರೆದು ಒಳಗೆ 32 ತೋರಿಸಿದರೆ ಬದಲಿಸಿ. ಅದೇ ಮೈಕ್ರೋಫ್ಯಾರಡ್ ಇರಲಿ, ವೋಲ್ಟ್ ಹಳೆಯದಕ್ಕಿಂತ ಕಮ್ಮಿ ಇರಬಾರದು. ಅಂದಹಾಗೆ, ಪ್ರೆಷರ್ ಸ್ವಿಚ್ಚಿನ ಮುಚ್ಚಳವನ್ನೂ ತೆಗೆದು ನೋಡಿ. ಕರೆಂಟು ಸೇರಿಸುವ ಪಾಯಿಂಟುಗಳ ನಡುವೆ ಇರುವೆ ಸತ್ತು ಕರಕಲಾಗಿ ಕೂತಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಪಾಯಿಂಟಿನಲ್ಲಿ ಗುಳಿ ಬಿದ್ದಿದ್ದರೆ ಉಜ್ಜುತ್ತಾ ಕೂರಬೇಡಿ, ಸ್ವಿಚ್ಚನ್ನೇ ಬದಲಿಸಿ.

ಓಡುತ್ತಲೇ ಇರುತ್ತದೆ, ತುಂಬುವುದಿಲ್ಲ

ಮೊದಲು ಏರ್ ಫಿಲ್ಟರ್ ತೆಗೆದು ಒಮ್ಮೆ ಓಡಿಸಿ ತುಂಬುವ ಹೊತ್ತು ನೋಡಿ. ಚುರುಕಾದರೆ ಕೆಲಸ ಮುಗಿಯಿತು. ಮರದ ಹುಡಿ ಇರುವ ಶೆಡ್ಡಿನಲ್ಲಿ ಫಿಲ್ಟರಿನ ಸ್ಪಂಜು ರೊಟ್ಟಿಯಂತಾಗಿರುತ್ತದೆ. ಪರೀಕ್ಷೆಗೆ ಮಾತ್ರ ಹೀಗೆ ಓಡಿಸಿ, ಫಿಲ್ಟರ್ ಇಲ್ಲದೆ ಕೆಲಸಕ್ಕೆ ಹಾಕಬೇಡಿ.

ಆಮೇಲೆ ಗಾಳಿ ಒಳಗೆ ಹೋಗುವ ಬಾಯಿಗೆ ಅಂಗೈ ಹತ್ತಿರ ತನ್ನಿ. ಒಳಕ್ಕೆ ಎಳೆಯುವುದು ಮಾತ್ರ ಗೊತ್ತಾಗಬೇಕು. ಎಳೆಯುವುದರ ಜೊತೆ ಪುಸ್ ಪುಸ್ ಅಂತ ಹೊರಕ್ಕೂ ಊದುತ್ತಿದ್ದರೆ ಒಳ ಎಳೆಯುವ ರೀಡ್ ವಾಲ್ವ್ (ಬಾಗಿ ತೆರೆದು ಮುಚ್ಚುವ ತೆಳು ಉಕ್ಕಿನ ಪಟ್ಟಿ) ಮುಚ್ಚುತ್ತಿಲ್ಲ. ಹೊರಕ್ಕೆ ಊದದೆ, ತುಂಬುವುದು ಮಾತ್ರ ತಡವಾಗಿ, ಹೆಡ್ಡು ಎಂದಿಗಿಂತ ಜಾಸ್ತಿ ಸುಡುತ್ತಿದ್ದರೆ ಹೊರ ತಳ್ಳುವ ರೀಡ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ ಸಂಶಯ ಪಡಿ. ಒಮ್ಮೆ ಒತ್ತಿದ ಬಿಸಿ ಗಾಳಿಯೇ ಮತ್ತೆ ಸಿಲಿಂಡರಿಗೆ ಬಂದು ಮತ್ತೆ ಒತ್ತಿಸಿಕೊಳ್ಳುತ್ತಿರುತ್ತದೆ, ಅದಕ್ಕೇ ಅಷ್ಟು ಶಾಖ. ಇನ್ನು ಆಯಿಲ್ ಹಾಕುವ ಮುಚ್ಚಳದ ರಂಧ್ರದಿಂದ ಪ್ರತಿ ಏಟಿಗೂ ಹೊಗೆ ಹೊಗೆಯಾಗಿ ಗಾಳಿ ಬರುತ್ತಿದ್ದರೆ ಪಿಸ್ಟನ್ ರಿಂಗು ಸವೆದಿದೆ.

ಪಕ್ಕದ ಮನೆಯ ಕಂಪ್ರೆಸರಿನ ಬಾಯಿ ಹೊರಕ್ಕೆ ಊದುತ್ತಿತ್ತು. ಹೆಡ್ಡು ಬಿಚ್ಚಿದೆವು. ಬಿಚ್ಚುವ ಮೊದಲು ಒಂದು ಫೋಟೋ ತೆಗೆದುಕೊಳ್ಳಿ. ಗ್ಯಾಸ್ಕೆಟ್, ಪ್ಲೇಟು ಯಾವ ಮುಖ ಮೇಲಿತ್ತು ಅನ್ನುವುದು ಆಮೇಲೆ ನೆನಪಿರುವುದಿಲ್ಲ. ವಾಲ್ವ್ ಪ್ಲೇಟಿನ ಮೇಲೆ ಬೆರಳುಗುರಿಗಿಂತ ತೆಳ್ಳಗಿನ ಉಕ್ಕಿನ ಪಟ್ಟಿ, ಅದರ ಅಡಿಯಲ್ಲಿ ಸುಟ್ಟ ಎಣ್ಣೆಯ ಮಸಿ, ದೋಸೆ ಕಾವಲಿಯ ಅಂಚಿನಲ್ಲಿ ಗಟ್ಟಿಯಾಗಿ ಕೂರುತ್ತದಲ್ಲ, ಹಾಗೆ. ಆ ಮಸಿಯ ಒಂದು ಹರಳು ಸಿಕ್ಕಿಕೊಂಡು ಪಟ್ಟಿ ಪೂರ್ತಿ ಮಲಗುತ್ತಿರಲಿಲ್ಲ.

ಪ್ಲೇಟನ್ನು ರಾತ್ರಿಯಿಡೀ ಡೀಸೆಲ್‌ನಲ್ಲಿ ನೆನೆಹಾಕಿ, ಬೆಳಿಗ್ಗೆ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆವು. ಬ್ಲೇಡು, ಚಾಕು ತಾಗಿಸಬೇಡಿ. ಪಟ್ಟಿ ಕೂರುವ ಜಾಗದಲ್ಲಿ ಒಂದು ಗೀರು ಬಿದ್ದರೆ ಮತ್ತೆ ಸೋರುತ್ತದೆ. ಪ್ಲೇಟಿನಲ್ಲಿ ಸಣ್ಣ ಗುಳಿಗಳಿದ್ದರೆ ದಪ್ಪ ಗಾಜಿನ ಮೇಲೆ 1000 ನಂಬರಿನ ಉಪ್ಪು ಕಾಗದ ಇಟ್ಟು, ಎರಡು ಹನಿ ಎಣ್ಣೆ ಬಿಟ್ಟು, ಎಂಟರ ಆಕಾರದಲ್ಲಿ ತಿಕ್ಕಿ. ಮೇಲ್ಮೈ ಎಲ್ಲ ಕಡೆ ಒಂದೇ ಬಣ್ಣಕ್ಕೆ ಬಂದಾಗ ಸಮವಾಗಿದೆ ಅಂತ. ರೀಡ್ ಪಟ್ಟಿ ಬಾಗಿದ್ದರೆ ನೇರ ಮಾಡಲು ಹೋಗಬೇಡಿ. ಅದು ಸ್ಪ್ರಿಂಗ್ ಉಕ್ಕು. ಒಮ್ಮೆ ಬಾಗಿದ್ದು, ಒಮ್ಮೆ ಬಿರುಕು ಬಿಟ್ಟದ್ದು ಬದಲಿಸಲಿಕ್ಕೇ ಇರುವುದು. ಬಿರುಕು ಕಣ್ಣಿಗೆ ಕಾಣದಿದ್ದರೆ ಬೆಳಕಿಗೆ ಹಿಡಿದು ಹಗುರವಾಗಿ ಬಗ್ಗಿಸಿ ನೋಡಿ.

ಜೋಡಿಸಿದ ಪ್ಲೇಟಿನ ವಾಲ್ವ್ ಮೇಲೆ ಒಂದು ಚಮಚ ಡೀಸೆಲ್ ಸುರಿದು ಐದು ನಿಮಿಷ ಬಿಡಿ. ಕೆಳಗೆ ತೊಟ್ಟಿಕ್ಕಬಾರದು. ಸ್ವಲ್ಪ ಒದ್ದೆಯಾದರೆ ಪರವಾಗಿಲ್ಲ. ಪರೀಕ್ಷೆ ಆದಮೇಲೆ ಪೂರ್ತಿ ಒರೆಸಿ ಒಣಗಿಸಿಯೇ ಜೋಡಿಸಿ. ಬಿಸಿ ಒತ್ತಡದ ಗಾಳಿಗೆ ಡೀಸೆಲ್ ಆವಿ ಸೇರಿದರೆ ಹೆಡ್ಡಿನ ಒಳಗೇ ಬೆಂಕಿ ಹೊತ್ತಿಕೊಳ್ಳಬಹುದು. ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಗ್ಯಾಸ್ಕೆಟ್ ಹೊಸದೇ ಇರಲಿ. ಬೋಲ್ಟುಗಳನ್ನು ಎದುರುಬದುರು ಜೋಡಿಯಾಗಿ, ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಸಿಲಿಂಡರಿನ ಅಲ್ಯೂಮಿನಿಯಂ ಮೆದು, ಬಲ ಜಾಸ್ತಿಯಾದರೆ ಥ್ರೆಡ್ಡೇ ಕಿತ್ತು ಬರುತ್ತದೆ.

ರಿಂಗ್ ಬದಲಿಸುವುದಿದ್ದರೆ ಹೊಸ ರಿಂಗನ್ನು ಮೊದಲು ಬರೀ ಸಿಲಿಂಡರಿಗೆ ಇಳಿಸಿ, ಪಿಸ್ಟನ್ನಿನಿಂದಲೇ ನೇರಕ್ಕೆ ತಳ್ಳಿ, ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. ಹತ್ತಿರ ಹತ್ತಿರ 50 ಮಿ.ಮೀ. ಸಿಲಿಂಡರಿಗೆ 0.2 ಮಿ.ಮೀ. ಆಸುಪಾಸು ಇರುತ್ತದೆ. ಹಳೆಯ ರಿಂಗನ್ನು ಹಾಗೇ ಅಳೆದು ಹೋಲಿಸಿದರೆ ಸವೆತ ಎಷ್ಟು ಅಂತ ಕಣ್ಣಿಗೇ ಕಾಣುತ್ತದೆ. ರಿಂಗುಗಳ ಸಂದುಗಳು ಒಂದರ ಮೇಲೊಂದು ಬಾರದ ಹಾಗೆ ತಿರುಗಿಸಿ ಹಾಕಿ. ಸಿಲಿಂಡರಿನ ಗೋಡೆಯ ಮೇಲೆ ಉಗುರು ಎಳೆದಾಗ ಸಿಕ್ಕಿಕೊಳ್ಳುವಷ್ಟು ಗೀರು ಇದ್ದರೆ ಹೊಸ ರಿಂಗಿನಿಂದ ಪ್ರಯೋಜನವಿಲ್ಲ, ಸಿಲಿಂಡರೂ ಬೇಕು.

ಆಯಿಲ್ ಇಲ್ಲದ ಕಂಪ್ರೆಸರ್ ನಿಮ್ಮದಾದರೆ ಅದರಲ್ಲಿ ರಿಂಗಿನ ಬದಲು ಟೆಫ್ಲಾನ್ ಬಟ್ಟಲು ಇರುತ್ತದೆ. ಅದು ಸವೆದು ಸಿಲಿಂಡರಿನ ಕೆಳಗೆ ಹುಡಿ ಉದುರಿರುತ್ತದೆ. ಬಟ್ಟಲು, ಅದು ಉಜ್ಜುವ ಸಿಲಿಂಡರಿನ ಸ್ಲೀವ್ ಎರಡನ್ನೂ ಜೊತೆಯಾಗಿ ಬದಲಿಸಿ. ಒಣಗಿದೆ ಅಂತ ಎಣ್ಣೆ ಬಿಡಬೇಡಿ, ಧೂಳೆಲ್ಲ ಅಂಟಿ ಅದು ಉಪ್ಪು ಕಾಗದದಂತೆ ಉಜ್ಜುತ್ತದೆ.

ಬೆಲ್ಟಿನ ಕಂಪ್ರೆಸರಿನವರು ಇಷ್ಟೆಲ್ಲ ಬಿಚ್ಚುವ ಮೊದಲು ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ನಡುವಿನಲ್ಲಿ 10ರಿಂದ 12 ಮಿ.ಮೀ. ಬಗ್ಗಬೇಕು. ಮೋಟಾರ್ ವೈಂಡಿಂಗ್ ಮಾಡಿಸಿ ತಂದಿದ್ದರೆ ತಿರುಗುವ ದಿಕ್ಕನ್ನು ದೊಡ್ಡ ಚಕ್ರದ ಮೇಲಿನ ಬಾಣಕ್ಕೆ ಹೋಲಿಸಿ. ಆ ಚಕ್ರದ ರೆಕ್ಕೆಗಳೇ ಸಿಲಿಂಡರಿಗೆ ಗಾಳಿ ಬೀಸುವ ಫ್ಯಾನು. ಉಲ್ಟಾ ತಿರುಗಿದರೆ ತಂಪು ಸಿಗದೆ ಸುಡುತ್ತದೆ.

ಸೋರಿಕೆ, ಎಣ್ಣೆ, ನೀರು

ಸೋರಿಕೆಗೆ ಸೋಪು ನೀರಿಗಿಂತ ಒಳ್ಳೆ ಔಷಧಿ ಇಲ್ಲ. ಗುಳ್ಳೆ ಬಂದ ಕಡೆ ಗುರುತು ಹಾಕಿ, ಗಾಳಿ ಬಿಟ್ಟ ಮೇಲೆ ಬಿಗಿಯಿರಿ. ಒತ್ತಡ ಇರುವಾಗ ಬಿಗಿಯಬೇಡಿ. ಹೆಚ್ಚಾಗಿ ಸಿಗುವುದು ಮೀಟರಿನ ಬುಡ, ಡ್ರೈನ್ ಕಾಕ್, ಪೈಪಿನ ಕಪ್ಲರ್.

ಎಣ್ಣೆಯ ವಿಷಯದಲ್ಲಿ ಒಂದು ತಪ್ಪು ಎಲ್ಲ ಕಡೆ ನಡೆಯುತ್ತದೆ. ಬೈಕಿಗೆ ತಂದ ಎಂಜಿನ್ ಆಯಿಲ್ ಉಳಿದದ್ದನ್ನು ಕಂಪ್ರೆಸರಿಗೆ ಹೊಯ್ಯುತ್ತಾರೆ. ಎಂಜಿನ್ ಆಯಿಲ್‌ನಲ್ಲಿ ಕೊಳೆಯನ್ನು ತೇಲಿಸಿ ಹಿಡಿಯುವ ಮದ್ದು ಬೆರೆಸಿರುತ್ತಾರೆ. ಎಂಜಿನ್ನಿಗೆ ಫಿಲ್ಟರ್ ಇದೆ, ಕಂಪ್ರೆಸರಿಗೆ ಇಲ್ಲ. ಆ ಮದ್ದು ನೀರನ್ನೂ ಎಣ್ಣೆಗೆ ಕಟ್ಟಿಹಾಕುತ್ತದೆ, ರೀಡಿನ ಮೇಲೆ ಮಸಿಯಾಗಿ ಕೂರುತ್ತದೆ. ಕಂಪ್ರೆಸರ್ ಆಯಿಲ್ ಅಂತಲೇ ಕೇಳಿ ತನ್ನಿ. ನಮ್ಮ ಸೆಕೆಗೆ ವಿ.ಜಿ. 100 (ಎಣ್ಣೆ ಎಷ್ಟು ಮಂದ ಅನ್ನುವ ನಂಬರು) ಸರಿಹೋಗುತ್ತದೆ.

ಗಾಜಿನ ಕಿಂಡಿಯಲ್ಲಿ ಎಣ್ಣೆ ಚಹಾಕ್ಕೆ ಹಾಲು ಬೆರೆಸಿದಂತೆ ಕಂಡರೆ ನೀರು ಸೇರಿದೆ. ಮಳೆಗಾಲದಲ್ಲಿ ಎರಡೆರಡು ನಿಮಿಷ ಓಡಿಸಿ ನಿಲ್ಲಿಸುವವರಿಗೆ ಹೀಗಾಗುತ್ತದೆ, ಪಂಪು ನೀರು ಆವಿಯಾಗುವಷ್ಟು ಬಿಸಿಯೇ ಆಗುವುದಿಲ್ಲ. ಎಣ್ಣೆ ಬದಲಿಸಿ, ವಾರಕ್ಕೊಮ್ಮೆ ಡ್ರೈನ್ ಸ್ವಲ್ಪ ತೆರೆದಿಟ್ಟು ಹತ್ತು ಹದಿನೈದು ನಿಮಿಷ ಓಡಿಸಿ. ಗಾಳಿಯಲ್ಲಿ ಎಣ್ಣೆ ಬಂದು ಪೇಂಟಿನ ಮೇಲೆ ಮೀನಿನ ಕಣ್ಣಿನಂಥ ಗುಳಿ ಏಳುತ್ತಿದ್ದರೆ ಮೂರು ಕಾರಣ ನೋಡಿ: ಎಣ್ಣೆ ಗೆರೆಗಿಂತ ಮೇಲಿದೆಯಾ, ಫಿಲ್ಟರ್ ಕಟ್ಟಿದೆಯಾ, ರಿಂಗು ಸವೆದಿದೆಯಾ. ಇದೇ ಕ್ರಮದಲ್ಲಿ ನೋಡಿ, ರಿಂಗು ಕೊನೆಗೆ.

ಟ್ಯಾಂಕಿನ ನೀರು ಎಲ್ಲಿಂದ ಬರುತ್ತದೆ ಅಂತ ಬಹಳ ಜನ ಕೇಳುತ್ತಾರೆ. 30 ಡಿಗ್ರಿಯ ಒದ್ದೆ ಗಾಳಿ 1000 ಲೀಟರಿನಲ್ಲಿ ಸುಮಾರು 30 ಗ್ರಾಂ ನೀರಾವಿ ಇರುತ್ತದೆ. 8 ಕೆ.ಜಿ.ಗೆ ಒತ್ತಿದಾಗ ಆ ಗಾಳಿ ಒಂಬತ್ತನೇ ಒಂದು ಪಾಲಾಗಿ ಕುಗ್ಗುತ್ತದೆ. ಅಷ್ಟು ಜಾಗ ತಣಿದ ಮೇಲೆ ಮೂರು ಚಿಲ್ಲರೆ ಗ್ರಾಂ ಆವಿಯನ್ನು ಮಾತ್ರ ಹಿಡಿಯಬಲ್ಲದು. ಉಳಿದ 26 ಗ್ರಾಂ ನೀರಾಗಿ ತಳಕ್ಕೆ ಇಳಿಯುತ್ತದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಆಷಾಢದಲ್ಲಿ ಒಂದು ದಿನ ಪೇಂಟ್ ಹೊಡೆದರೆ ಲೋಟಗಟ್ಟಲೆ ನೀರು ಬರುವುದು ಇದಕ್ಕೇ. ದಿನದ ಕೆಲಸ ಮುಗಿದ ಮೇಲೆ ಡ್ರೈನ್ ಮಾಡಲೇಬೇಕು.

ಡ್ರೈನ್ ನೀರು ಕೆಂಪಗೆ, ತುಕ್ಕಿನ ಚೂರುಗಳ ಜೊತೆ ಬಂದರೆ ಟ್ಯಾಂಕಿನ ತಳ ತಿನ್ನಿಸಿಕೊಳ್ಳುತ್ತಿದೆ. ಸೋಪು ನೀರು ಹಚ್ಚಿದಾಗ ಟ್ಯಾಂಕಿನ ತಗಡಿನಲ್ಲೇ ಒಂದು ಸೂಜಿ ಮೊನೆಯಷ್ಟು ಗುಳ್ಳೆ ಎದ್ದರೂ ಆ ಟ್ಯಾಂಕಿನ ಆಯುಷ್ಯ ಮುಗಿಯಿತು. ವೆಲ್ಡಿಂಗ್ ಬೇಡ, ಎಂ-ಸೀಲ್ ಬೇಡ, ಸ್ಕ್ರೂ ಹೊಡೆದು ರಬ್ಬರ್ ಇಡುವುದೂ ಬೇಡ. ಒಂದು ತೂತು ಕಂಡಿದೆ ಅಂದರೆ ಸುತ್ತಲಿನ ತಗಡೂ ಕಾಗದದಷ್ಟು ತೆಳ್ಳಗಾಗಿದೆ ಅಂತಲೇ ಅರ್ಥ. ಪಂಪು, ಮೋಟಾರು ಇಟ್ಟುಕೊಳ್ಳಿ, ಟ್ಯಾಂಕನ್ನು ಗುಜರಿಗೆ ಕೊಡಿ. ಕೊಡುವ ಮೊದಲು ದೊಡ್ಡ ತೂತು ಕೊರೆಯಿರಿ, ಬೇರೆ ಯಾರೂ ಅದನ್ನು ಮತ್ತೆ ಬಳಸಬಾರದು.

ಸೇಫ್ಟಿ ವಾಲ್ವಿನ ಉಂಗುರವನ್ನು ತಿಂಗಳಿಗೊಮ್ಮೆ ಎಳೆದು ನೋಡಿ, ಗಾಳಿ ಬಿಟ್ಟು ಮತ್ತೆ ಮುಚ್ಚಬೇಕು. ಸೋರುತ್ತದೆ ಅಂತ ಆ ಜಾಗಕ್ಕೆ ಪ್ಲಗ್ ಹಾಕಿದ್ದನ್ನು ಕಂಡಿದ್ದೇನೆ. ದಯವಿಟ್ಟು ಬೇಡ.

ಬದಲಿಸುವುದೇ ಇದ್ದರೆ, ಒಳ್ಳೆಯದನ್ನೇ ಹಾಕಿ

ಹೇಗೂ ಬಿಚ್ಚಿದ್ದೇವೆ ಅಂತ ಪಕ್ಕದ ಮನೆಯ ಕಂಪ್ರೆಸರಿಗೆ ಮೂರು ನಾಲ್ಕು ಸುಧಾರಣೆ ಮಾಡಿದೆವು. ಹಳೆಯ ಭಾಗಗಳನ್ನು ಚೀಲದಲ್ಲಿ ತೆಗೆದುಕೊಂಡು ಹೋಗಿ, ಅಂಗಡಿಯಲ್ಲಿ ಥ್ರೆಡ್ಡು ಕೂರಿಸಿ ನೋಡಿಯೇ ತಂದೆವು. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದೆ, ಊರಿನವರು ಗ್ಯಾರೇಜಿನ ಸಾಮಾನು ಮಾರುವಲ್ಲಿ ಕೇಳಿ.

ಮೊದಲನೆಯದು ಡ್ರೈನ್. ಕಂಪ್ರೆಸರ್ ಕೆಳಗೆ ಮಲಗಿ ತಿರುಗಿಸಬೇಕಾದ ಡ್ರೈನನ್ನು ಯಾರೂ ದಿನಾ ತಿರುಗಿಸುವುದಿಲ್ಲ. ಒಂದು ಎಲ್ಬೋ, ಗೇಣುದ್ದ ಪೈಪು, ತುದಿಗೆ ಹಿತ್ತಾಳೆಯ ಬಾಲ್ ವಾಲ್ವ್ ಹಾಕಿ ಹೊರಕ್ಕೆ ತಂದೆವು. ಈಗ ಕಾಲಿನ ಪಕ್ಕದಲ್ಲೇ ಇದೆ. ನನ್ನ ಪ್ರಕಾರ ಕಂಪ್ರೆಸರಿಗೆ ಇದಕ್ಕಿಂತ ಲಾಭದ ಸುಧಾರಣೆ ಇನ್ನೊಂದಿಲ್ಲ.

ಎರಡನೆಯದು ಹೆಡ್ಡಿನಿಂದ ಟ್ಯಾಂಕಿಗೆ ಹೋಗುವ ಪೈಪು. ಮೊದಲಿದ್ದದ್ದು ತೆಳು ಅಲ್ಯೂಮಿನಿಯಂ, ನಟ್ಟಿನ ಬುಡದಲ್ಲಿ ಅದುರಿ ಅದುರಿ ಬಿರುಕು ಬಿಡುತ್ತಿತ್ತು. ತಾಮ್ರದ ಪೈಪನ್ನು ಎರಡು ಸುತ್ತು ಸುರುಳಿ ಮಾಡಿ ಫ್ಯಾನಿನ ಗಾಳಿಗೆ ಸಿಗುವಂತೆ ಹಾಕಿದೆವು. ಸುರುಳಿ ಅದುರುವುದನ್ನು ನುಂಗುತ್ತದೆ, ಗಾಳಿಯೂ ತಣಿದು ಟ್ಯಾಂಕಿಗೆ ಹೋಗುತ್ತದೆ, ನಾನ್ ರಿಟರ್ನ್ ವಾಲ್ವಿನ ರಬ್ಬರು ಬೇಗ ಸುಡುವುದಿಲ್ಲ. ಅಲ್ಲಿಗೆ ಪ್ಲಾಸ್ಟಿಕ್ ಪೈಪು ಯಾವ ಕಾರಣಕ್ಕೂ ಬೇಡ.

ಗೋಡೆಯುದ್ದಕ್ಕೂ ಗಾಳಿಯ ಲೈನು ಎಳೆಯಲು ಕೆಲವರು ನೀರಿನ ಪಿ.ವಿ.ಸಿ. ಪೈಪು ಹಾಕುತ್ತಾರೆ. ಅದು ನೀರಿನ ಒತ್ತಡಕ್ಕೆ ಸೀಳಬಹುದು ಅಷ್ಟೇ, ಗಾಳಿಯ ಒತ್ತಡಕ್ಕೆ ಚೂರು ಚೂರಾಗಿ ಸಿಡಿಯುತ್ತದೆ. ಕಬ್ಬಿಣದ ಜಿ.ಐ. ಪೈಪು ಅಥವಾ ಗಾಳಿಗೆಂದೇ ಮಾಡಿದ ಹೋಸು ಹಾಕಿ.

ಎಂದೂ ಮಾಡಬಾರದ ಸುಧಾರಣೆಗಳೂ ಇವೆ. ಪ್ರೆಷರ್ ಸ್ವಿಚ್ಚಿನ ಸ್ಕ್ರೂ ತಿರುಗಿಸಿ ಒತ್ತಡ ಏರಿಸುವುದು ಒಂದು. ಮೋಟಾರಿಗೆ ದೊಡ್ಡ ಪುಲ್ಲಿ ಹಾಕಿ ಪಂಪನ್ನು ಜೋರಾಗಿ ಓಡಿಸುವುದು ಇನ್ನೊಂದು. ಎರಡು ದಿನ ಖುಷಿ, ಆಮೇಲೆ ಶಾಖ, ಮಸಿ, ಮತ್ತೆ ರೀಡು. ಎರಡನೇ ಟ್ಯಾಂಕು ಸೇರಿಸಿದರೆ ಗಾಳಿಯ ಗೋದಾಮು ದೊಡ್ಡದಾಗುತ್ತದೆ, ಪಂಪಿನ ಬಲ ಜಾಸ್ತಿಯಾಗುವುದಿಲ್ಲ. ಚಕ್ರಕ್ಕೆ ಗಾಳಿ ಹಿಡಿಯುವವರಿಗೆ ಅನುಕೂಲ, ಬಿಡದೆ ಪೇಂಟ್ ಹೊಡೆಯುವವರಿಗೆ ಪ್ರಯೋಜನವಿಲ್ಲ.

ಜೋಡಿಸಿದ ಮೇಲೆ

ಡ್ರೈನ್ ತೆರೆದಿಟ್ಟು ಹತ್ತು ನಿಮಿಷ ಹೊರೆಯಿಲ್ಲದೆ ಓಡಿಸಿದೆವು, ಹೊಸ ಗ್ಯಾಸ್ಕೆಟ್ ಕೂರಲಿ ಅಂತ. ತಣಿಯಲು ಬಿಟ್ಟು ಹೆಡ್ಡಿನ ಬೋಲ್ಟುಗಳನ್ನು ಇನ್ನೊಮ್ಮೆ ಅದೇ ಎದುರುಬದುರು ಕ್ರಮದಲ್ಲಿ ನೋಡಿದೆವು. ಎರಡು ಬೋಲ್ಟು ಕಾಲು ಸುತ್ತಿನಷ್ಟು ಬಂದವು. ಆಮೇಲೆ ಡ್ರೈನ್ ಮುಚ್ಚಿ, ವಾಚು ಹಿಡಿದು, 8 ಕೆ.ಜಿ.ವರೆಗೆ ಬಿಟ್ಟೆವು. ಮೊದಲು 7 ನಿಮಿಷ ತೆಗೆದುಕೊಂಡದ್ದು ಈಗ 4 ನಿಮಿಷಕ್ಕೆ ನಿಂತಿತು. ಪ್ಸ್ಸ್, ಎರಡು ಸೆಕೆಂಡು, ಮೌನ. ಗಾಳಿ ಬಿಟ್ಟು ಮುಳ್ಳು 6ಕ್ಕೆ ಇಳಿಸಿದಾಗ ಮೋಟಾರು ತಾನಾಗೇ, ಒಂದೂ ಗುಂಯ್ ಇಲ್ಲದೆ, ಎದ್ದಿತು.

"ಹಾಗಾದ್ರೆ ವೈಂಡಿಂಗ್ ಬೇಕಿರಲೇ ಇಲ್ವಾ?" ಎಂದು ಕೇಳಿದರು.

"ಬೇಕಿರಲಿಲ್ಲ ಅಣ್ಣ" ಎಂದೆ.

ಟ್ಯಾಂಕಿನ ಪಕ್ಕಕ್ಕೆ ಒಂದು ತುಂಡು ಬಿಳಿ ಟೇಪು ಅಂಟಿಸಿ, ತಾರೀಕಿನ ಜೊತೆ '8 ಕೆ.ಜಿ., 4 ನಿಮಿಷ' ಅಂತ ಪೆನ್ನಿನಲ್ಲಿ ಬರೆದೆವು. ತಿಂಗಳಿಗೊಮ್ಮೆ ಅಳೆದು ಅದರ ಕೆಳಗೇ ಬರೆಯುತ್ತಾ ಬಂದಿದ್ದಾರೆ. ಕಳೆದ ಸಲ ನೋಡಿದಾಗ ಐದು ಸಾಲು ಇತ್ತು, ಕೊನೆಯದು 4 ನಿಮಿಷ 10 ಸೆಕೆಂಡು.